ಲಿಮಿಟ್ ಸ್ವಿಚ್ ಕೈಕೊಟ್ಟಾಗ: ಹೊಸದು ಹಾಕುವ ಮೊದಲು ಎಲ್ಲೆಲ್ಲಿ ನೋಡಬೇಕು

ಪೀಣ್ಯದ ಶೆಡ್ಡಿರಲಿ, ಬೆಳಗಾವಿ ಉದ್ಯಮಬಾಗದ ಫೌಂಡ್ರಿಯಿರಲಿ, ಹಳೆಯ ಮಷೀನು ನಡುವೆ ನಿಂತರೆ ಮೊದಲು ಅನುಮಾನ ಬೀಳುವುದು ಲಿಮಿಟ್ ಸ್ವಿಚ್ ಮೇಲೆ, ಅಂದರೆ ಚಲಿಸುವ ಭಾಗ ಒಂದು ಜಾಗಕ್ಕೆ ಬಂತೆಂದು ತಿಳಿಸುವ ಸ್ವಿಚ್ ಮೇಲೆ. ಸ್ಟೋರ್‌ನಿಂದ ಹೊಸದು ತಂದು ಹಾಕುತ್ತಾರೆ. ನಾಲ್ಕು ದಿನ ಓಡುತ್ತದೆ, ಮತ್ತೆ ಅದೇ ಕಥೆ. ಕೆಟ್ಟಿದ್ದು ಸ್ವಿಚ್ ಆಗಿರಲೇ ಇಲ್ಲ. ಅದನ್ನು ಒತ್ತುವ ಡಾಗ್ (ಚಲಿಸುವ ಭಾಗಕ್ಕೆ ಕೂರಿಸಿದ ಲೋಹದ ತುಂಡು) ಸಡಿಲವಾಗಿತ್ತು, ಲಿವರ್ ಜಾರಿತ್ತು, ಕೇಬಲ್ ಒಳಗೇ ತುಂಡಾಗಿತ್ತು, ಇಲ್ಲವೇ ಕೇಬಲ್ ಒಳಹೋಗುವ ಗ್ಲ್ಯಾಂಡ್‌ನಿಂದ ಕೂಲಂಟ್ (ಕೊರೆಯುವಾಗ ತಂಪಿಗೆ ಹರಿಸುವ ದ್ರವ) ಇಳಿದಿತ್ತು.

ಒಳ್ಳೆಯ ಲಿಮಿಟ್ ಸ್ವಿಚ್‌ಗೆ ತಯಾರಕರು ಸಾಮಾನ್ಯವಾಗಿ ಹೇಳುವ ಮೆಕ್ಯಾನಿಕಲ್ ಆಯಸ್ಸು ಸುಮಾರು ಒಂದು ಕೋಟಿ ಒತ್ತು. ಗಂಟೆಗೆ 120 ಸೈಕಲ್‌ನಂತೆ ದಿನಕ್ಕೆ 16 ಗಂಟೆ, ರಜೆಯೇ ಇಲ್ಲದೆ ಓಡಿಸಿದರೂ ಅಷ್ಟು ಮುಗಿಯಲು 14 ವರ್ಷ ಬೇಕು. ಆರು ತಿಂಗಳಿಗೊಂದು ಸ್ವಿಚ್ ಹೋಗುತ್ತಿದೆ ಎಂದರೆ ಅದನ್ನು ಬೇರೆ ಏನೋ ಕೊಲ್ಲುತ್ತಿದೆ. ಅದನ್ನು ಹುಡುಕುವುದೇ ಈ ಬರಹದ ಕೆಲಸ.

ಉದಾಹರಣೆಗೆ ಒಂದು ಡ್ರಿಲ್ಲಿಂಗ್ ಎಸ್‌ಪಿಎಂ (ಒಂದೇ ಕೆಲಸಕ್ಕೆಂದು ಮಾಡಿದ ಮಷೀನ್) ಇಟ್ಟುಕೊಳ್ಳೋಣ. ಹೈಡ್ರಾಲಿಕ್ ಸ್ಲೈಡ್, ಅದರ ಪಕ್ಕದಲ್ಲಿ ಮೂರು ರೋಲರ್ ಲಿವರ್ ಸ್ವಿಚ್‌ಗಳು. ಒಂದು ಹೋಮ್ (ಸ್ಲೈಡ್ ಶುರುವಾಗುವ ಜಾಗ), ಒಂದು ವೇಗ ಇಳಿಸಿ ಫೀಡ್‌ಗೆ ಬರುವ ಜಾಗ, ಮೂರನೆಯದು ಡ್ರಿಲ್ ಆಳ ಮುಗಿಯುವ ಜಾಗ. ಮೂರೂ 24 ವೋಲ್ಟ್ ಡಿಸಿಯಲ್ಲಿ ಮಷೀನ್ ನಡೆಸುವ ಕಂಟ್ರೋಲರ್ ಆದ ಪಿಎಲ್‌ಸಿಯ ಇನ್‌ಪುಟ್‌ಗೆ ಹೋಗುತ್ತವೆ. ಪ್ರೆಸ್, ಶಿಯರಿಂಗ್ ಮಷೀನ್, ಕನ್ವೇಯರ್, ಸಿಎನ್‌ಸಿ, ಯಾವುದಾದರೂ ತರ್ಕ ಹೆಚ್ಚು ಕಡಿಮೆ ಇದೇ.

ಮುಟ್ಟುವ ಮುಂಚೆ

ಮಷೀನ್ ಆಟೋದಲ್ಲಿ ನಿಂತಿರುವಾಗ ಯಾರೂ ಕೈಯಿಂದ ಅಥವಾ ಸ್ಕ್ರೂಡ್ರೈವರ್‌ನಿಂದ ರೋಲರ್ ಒತ್ತಬಾರದು. ಸ್ಲೈಡ್ ನಿಂತಿದೆ ಎಂದರೆ ಪಿಎಲ್‌ಸಿ ಆ ಸಿಗ್ನಲ್‌ಗಾಗಿಯೇ ಕಾಯುತ್ತಿದೆ ಎಂದರ್ಥ. ಒತ್ತಿದ ಕ್ಷಣ ಮುಂದಿನ ಹೆಜ್ಜೆ ಶುರು. ನಿಮ್ಮ ಕೈ ಇರುವ ಜಾಗದಲ್ಲೇ ಸ್ಲೈಡ್ ಓಡುತ್ತದೆ. ಬೆರಳು, ಕೈ ಹೋಗುವುದು ಹೀಗೇ. ದಯವಿಟ್ಟು ಇದನ್ನು ಶಿಫ್ಟ್‌ನಲ್ಲಿರುವ ಹೊಸ ಹುಡುಗರಿಗೂ ಹೇಳಿ.

ಪಂಪ್ ನಿಲ್ಲಿಸಿ, ಎಮರ್ಜೆನ್ಸಿ ಒತ್ತಿ. ಅಕ್ಯುಮುಲೇಟರ್ (ಒತ್ತಡದ ಎಣ್ಣೆ ಕೂಡಿಡುವ ಪಾತ್ರೆ) ಇದ್ದರೆ ಪಂಪ್ ನಿಂತ ಮೇಲೂ ಒತ್ತಡ ಉಳಿದಿರುತ್ತದೆ, ಗೇಜ್ ಸೊನ್ನೆಗೆ ಬರುವವರೆಗೆ ಕಾಯಿರಿ. ನ್ಯೂಮ್ಯಾಟಿಕ್ ಆದರೆ ಏರ್ ಲೈನ್ ಮುಚ್ಚಿ ಉಳಿದ ಗಾಳಿ ಬಿಡಿ. ಮೇಲೆ ಕೆಳಗೆ ಓಡುವ ಆಕ್ಸಿಸ್ ಅಥವಾ ಪ್ರೆಸ್ ರ‍್ಯಾಮ್ ಕೆಳಗೆ ಗಟ್ಟಿ ಬ್ಲಾಕ್ ಕೊಡದೆ ಕೈ ಹಾಕಬೇಡಿ. ವೈರ್ ಬಿಚ್ಚುವ ಅಥವಾ ಸ್ವಿಚ್ ಕಳಚುವ ಕೆಲಸವಿದ್ದರೆ ಮೇನ್ ಆಫ್ ಮಾಡಿ ಬೀಗ ಹಾಕಿ, ಬೀಗದ ಕೈ ನಿಮ್ಮ ಜೇಬಿನಲ್ಲಿರಲಿ. ಪ್ಯಾನಲ್ ಒಳಗೆ 415 ವೋಲ್ಟ್ ಇರುತ್ತದೆ. ಹಳೆಯ ಮಷೀನುಗಳಲ್ಲಿ ಲಿಮಿಟ್ ಸ್ವಿಚ್‌ಗೇ 110 ವೋಲ್ಟ್ ಎಸಿ ಬರುವುದೂ ಉಂಟು. ಪವರ್ ಇಟ್ಟು ಅಳೆಯುವ ಕೆಲಸ ಎಲೆಕ್ಟ್ರಿಷಿಯನ್‌ಗೇ ಬಿಡಿ.

ಯಾವ ದೋಷವಿದ್ದರೂ ಮೊದಲು ಇನ್‌ಪುಟ್ ಲೈಟ್

ಪಿಎಲ್‌ಸಿ ಇನ್‌ಪುಟ್ ಕಾರ್ಡಿನಲ್ಲಿ ಪ್ರತಿ ಇನ್‌ಪುಟ್‌ಗೂ ಒಂದು ಸಣ್ಣ ಎಲ್‌ಇಡಿ ಇರುತ್ತದೆ. ಖರ್ಚಿಲ್ಲದ ಪರೀಕ್ಷೆ ಇದು. ಡ್ರಾಯಿಂಗ್ ತೆಗೆದು ಆ ಸ್ವಿಚ್‌ನ ಇನ್‌ಪುಟ್ ನಂಬರ್ ನೋಡಿ. ಮೇಲೆ ಹೇಳಿದಂತೆ ಚಲನೆಯ ಶಕ್ತಿ ಪೂರ್ತಿ ತೆಗೆದು, ಇನ್‌ಪುಟ್ ಸಪ್ಲೈ ಮಾತ್ರ ಉಳಿಸಿಕೊಂಡು, ಪಿಎಲ್‌ಸಿಯನ್ನು ಸ್ಟಾಪ್‌ನಲ್ಲಿಟ್ಟು ಒಬ್ಬರು ಲಿವರ್ ಒತ್ತಲಿ, ಇನ್ನೊಬ್ಬರು ಲೈಟ್ ನೋಡಲಿ. ಎನ್‌ಓ (ಒತ್ತದಿದ್ದಾಗ ತೆರೆದಿರುವ) ಕಾಂಟ್ಯಾಕ್ಟ್ ಆದರೆ ಒತ್ತಿದಾಗ ಹತ್ತಬೇಕು. ಎನ್‌ಸಿ (ಒತ್ತದಿದ್ದಾಗ ಸೇರಿರುವ) ಆದರೆ ಸದಾ ಹತ್ತಿದ್ದು ಒತ್ತಿದಾಗ ಆರಬೇಕು. ಇದು ಗೊತ್ತಿಲ್ಲದೆ ಎನ್‌ಸಿ ಸ್ವಿಚ್ ನೋಡಿ ‘ಒತ್ತದೇನೇ ಲೈಟ್ ಹತ್ತಿದೆ, ಶಾರ್ಟ್ ಆಗಿದೆ’ ಎನ್ನುವವರು ಜಾಸ್ತಿ.

ಕೈಯಿಂದ ಒತ್ತಿದಾಗ ಲೈಟ್ ಸರಿಯಾಗಿ ಬದಲಾಯಿತಾ? ಹಾಗಾದರೆ ಸ್ವಿಚ್, ಕೇಬಲ್, ಇನ್‌ಪುಟ್ ಮೂರೂ ಸದ್ಯಕ್ಕೆ ಸರಿ. ತೊಂದರೆ ಡಾಗ್ ಕಡೆ ಇದೆ, ಇಲ್ಲವೇ ಪ್ರೋಗ್ರಾಂ ಮತ್ತೇನನ್ನೋ ಕಾಯುತ್ತಿದೆ. ಬದಲಾಗಲಿಲ್ಲವೇ? ಆಗ ಸ್ವಿಚ್, ವೈರಿಂಗ್ ಕಡೆ ಹೋಗಿ.

‘ಸ್ಲೈಡ್ ಮುಂದೆ ಹೋಗಿ ನಿಂತಿದೆ, ವಾಪಸ್ ಬರ್ತಿಲ್ಲ’

ಅಂದರೆ ಆಳದ ಸ್ವಿಚ್‌ನ ಸಿಗ್ನಲ್ ಬಂದಿಲ್ಲ. ಮೊದಲು ಕಣ್ಣಲ್ಲಿ ನೋಡಿ. ಡಾಗ್ ರೋಲರ್ ಮೇಲೆ ಹತ್ತಿದೆಯಾ? ಟಿ ಸ್ಲಾಟ್‌ನಲ್ಲಿ ಡಾಗ್ ಬೋಲ್ಟ್ ಸಡಿಲವಾಗಿ ಒಂದೆರಡು ಮಿಲಿಮೀಟರ್ ಹಿಂದೆ ಸರಿದರೂ ಸಾಕು. ಚಿಪ್ಸ್ ಗಂಟಾಗಿ ಸ್ಲೈಡ್ ಕೊನೆ ತಲುಪದೇ ಇರಬಹುದು. ಡ್ರಿಲ್ ಮೊಂಡಾಗಿ ಫೀಡ್ ಒತ್ತಡ ಸಾಲದೆ ಸ್ಲೈಡೇ ನಿಂತಿರಬಹುದು. ಇದಕ್ಕೆ ಸ್ವಿಚ್ ಏನು ಮಾಡೀತು?

ಡಾಗ್ ಹತ್ತಿದೆ, ಲಿವರ್ ಬಾಗಿದೆ, ಆದರೂ ಲೈಟ್ ಇಲ್ಲ ಎಂದರೆ ಲಿವರ್ ಶಾಫ್ಟ್ ಮೇಲೆ ಜಾರಿರುವ ಸಂಭವ ಹೆಚ್ಚು. ಲಿವರ್ ಹಿಡಿದು ಅಲ್ಲಾಡಿಸಿ. ಶಾಫ್ಟ್ ತಿರುಗದೆ ಲಿವರ್ ಮಾತ್ರ ತಿರುಗಿದರೆ ಅದರ ಕ್ಲ್ಯಾಂಪ್ ಸ್ಕ್ರೂ ಸಡಿಲವಾಗಿದೆ. ಅಲನ್ ಕೀಯಿಂದ ಬಿಗಿ ಮಾಡಿ. ಆಮೇಲೆ ಲಿವರ್ ಮತ್ತು ಶಾಫ್ಟ್ ತುದಿ ಎರಡಕ್ಕೂ ಸೇರಿಸಿ ಪೇಂಟ್ ಮಾರ್ಕರ್‌ನಿಂದ ಒಂದು ಗೆರೆ ಎಳೆಯಿರಿ. ಮುಂದಿನ ಸಲ ಗೆರೆ ಎರಡಾಗಿ ಮುರಿದಿದ್ದರೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಅದೇ ಪೇಂಟ್‌ನಲ್ಲಿ ಡಾಗ್‌ಗೂ ಅದು ಕೂತಿರುವ ಸ್ಲೈಡ್‌ಗೂ ಗೆರೆ ಹಾಕಿಬಿಡಿ.

ಇಷ್ಟೆಲ್ಲ ಸರಿಯಿದ್ದರೆ ಸ್ವಿಚ್‌ನ ಮುಚ್ಚಳ ತೆಗೆಯಿರಿ. ಇಲ್ಲಿ ಒಂದೇ ಅಳತೆಯಿಂದ ಬಹಳಷ್ಟು ಗೊತ್ತಾಗುತ್ತದೆ, ಚಲನೆಯ ಶಕ್ತಿ ತೆಗೆದ ಸ್ಥಿತಿಯಲ್ಲೇ ಎಲೆಕ್ಟ್ರಿಷಿಯನ್ ಅದನ್ನು ಸಾವಧಾನವಾಗಿ ಮಾಡಲಿ. ಮಲ್ಟಿಮೀಟರ್ ಡಿಸಿ ವೋಲ್ಟ್‌ನಲ್ಲಿಡಿ. ಎನ್‌ಓ ಕಾಂಟ್ಯಾಕ್ಟ್‌ನ ಎರಡೂ ತುದಿಗಳಿಗೆ, ಸಾಮಾನ್ಯವಾಗಿ 13 ಮತ್ತು 14 ಎಂದು ಬರೆದಿರುತ್ತದೆ, ಮೀಟರ್‌ನ ಎರಡು ಪ್ರೋಬ್ ಇಡಿ. ವೈರ್ ಬಿಚ್ಚಬೇಡಿ, ಹಾಗೇ ಇರಲಿ.

ಲಿವರ್ ಒತ್ತದೆ 24 ವೋಲ್ಟ್ ಹತ್ತಿರ ತೋರಿಸಿದರೆ ಒಂದು ವೈರ್‌ನಲ್ಲಿ ಸಪ್ಲೈ ಬಂದಿದೆ, ಇನ್ನೊಂದು ವೈರ್ ಇನ್‌ಪುಟ್‌ವರೆಗೂ ತುಂಡಾಗದೆ ಇದೆ. ಕಾಂಟ್ಯಾಕ್ಟ್ ಬಿಟ್ಟು ಮಿಕ್ಕಿದ್ದೆಲ್ಲ ಆ ಕ್ಷಣಕ್ಕೆ ಚೆನ್ನಾಗಿದೆ. ಈಗ ಲಿವರ್ ಒತ್ತಿ. ಸೊನ್ನೆಗೆ ಬಿದ್ದರೆ ಕಾಂಟ್ಯಾಕ್ಟ್ ಕೂಡ ಸರಿ. 24ರಲ್ಲೇ ನಿಂತರೆ ಕಾಂಟ್ಯಾಕ್ಟ್ ಸೇರುತ್ತಿಲ್ಲ, ಸ್ವಿಚ್ ಬದಲಾಯಿಸಿ. ಸೊನ್ನೆಗೆ ಬಾರದೆ ಎರಡು ಮೂರು ವೋಲ್ಟ್‌ನಲ್ಲಿ ತೂಗಾಡಿದರೆ ಕಾಂಟ್ಯಾಕ್ಟ್ ಕೊಳೆಯಾಗಿದೆ. ಇವತ್ತು ಓಡುತ್ತದೆ, ಇನ್ನೊಂದು ದಿನ ನಿಲ್ಲಿಸುತ್ತದೆ.

ಒತ್ತದಿದ್ದಾಗಲೇ ಸೊನ್ನೆ ತೋರಿಸಿ, ಇನ್‌ಪುಟ್ ಲೈಟೂ ಆರಿದ್ದರೆ ಸಪ್ಲೈ ಬಂದಿಲ್ಲ ಅಥವಾ ವೈರ್ ತುಂಡಾಗಿದೆ. ಫ್ಯೂಸ್, ಟರ್ಮಿನಲ್ ಸ್ಕ್ರೂ, ಜಂಕ್ಷನ್ ಬಾಕ್ಸ್, ಆಮೇಲೆ ಕೇಬಲ್, ಈ ಕ್ರಮದಲ್ಲಿ ನೋಡಿ. ಒಂದೇ ಸಲ ಎಲ್ಲ ಸ್ವಿಚ್‌ಗಳೂ ಸತ್ತಂತೆ ಕಂಡರೆ ಸ್ವಿಚ್ ಹತ್ತಿರ ಹೋಗುವುದೇ ಬೇಡ. ಕಾಮನ್ ವೈರ್ ಅಥವಾ 24 ವೋಲ್ಟ್ ಸಪ್ಲೈ ಹೋಗಿದೆ.

‘ಡಾಗ್ ದಾಟಿ ಹೋದರೂ ಸಿಗ್ನಲ್ ಹೋಗ್ತಿಲ್ಲ’

ಲಿವರ್ ವಾಪಸ್ ಬಂದಿದೆಯಾ ನೋಡಿ. ಕೂಲಂಟ್ ಒಣಗಿ ಅಂಟಾಗಿ, ಎರಕದ ಪುಡಿ ಸೇರಿ ಲಿವರ್ ಅರ್ಧಕ್ಕೇ ಸಿಕ್ಕಿಕೊಂಡಿರುತ್ತದೆ. ಗಂಗಾವತಿ, ಸಿಂಧನೂರು ಕಡೆಯ ರೈಸ್ ಮಿಲ್‌ಗಳಲ್ಲಿ ತೌಡು, ಹೊಟ್ಟಿನ ಧೂಳು ಇದೇ ಕೆಲಸ ಮಾಡುತ್ತದೆ. ಕಾಟನ್ ವೇಸ್ಟ್‌ನಿಂದ ಒರೆಸಿ, ಕೈಯಲ್ಲಿ ಆಡಿಸಿ ನೋಡಿ. ಬಿಟ್ಟ ಕೂಡಲೇ ಲಿವರ್ ಚುರುಕಾಗಿ ಹಿಂದಕ್ಕೆ ಬರಬೇಕು, ಒಳಗಿನಿಂದ ‘ಟಿಕ್’ ಎಂದು ಕೇಳಬೇಕು. ನಿಧಾನಕ್ಕೆ ಬಂದರೆ ಸ್ಪ್ರಿಂಗ್ ಸೋತಿದೆ. ಸೀಲ್ ಹತ್ತಿರ ಏರ್ ಗನ್ ಹಿಡಿಯಬೇಡಿ, ಹೊರಗಿದ್ದ ಪುಡಿಯನ್ನೆಲ್ಲ ನಾವೇ ಒಳಗೆ ತಳ್ಳಿದ ಹಾಗಾಗುತ್ತದೆ.

ಲಿವರ್ ಸರಿಯಾಗಿ ವಾಪಸ್ ಬಂದೂ ಲೈಟ್ ಹತ್ತೇ ಇದ್ದರೆ ಮೇನ್ ಆಫ್ ಮಾಡಿ ಮುಚ್ಚಳ ತೆಗೆಯಿರಿ. ಒಳಗೆ ಹಾಲಿನಂಥ ನೀರು ನಿಂತಿದೆಯಾ? ನೀರಿನಲ್ಲಿ ಕಲಸುವ ಕೂಲಂಟ್ ವಿದ್ಯುತ್ ಹರಿಸುತ್ತದೆ. ಪಿಎಲ್‌ಸಿ ಇನ್‌ಪುಟ್‌ಗೆ ಬೇಕಾಗುವುದು ಕೆಲವೇ ಮಿಲಿಆಂಪ್. ಎರಡು ಟರ್ಮಿನಲ್ ನಡುವೆ ಒದ್ದೆ, ಉಪ್ಪು, ಕಬ್ಬಿಣದ ಪುಡಿ ಸೇರಿದರೆ ಇನ್‌ಪುಟ್ ಗೊಂದಲಕ್ಕೆ ಬೀಳುತ್ತದೆ. ಒರೆಸಿ ಒಣಗಿಸಿದರೆ ಓಡುತ್ತದೆ, ಆದರೆ ನೀರು ಬಂದ ದಾರಿ ಮುಚ್ಚದಿದ್ದರೆ ಮುಂದಿನ ವಾರ ಮತ್ತೆ ಅದೇ. ಐಪಿ67 (ಧೂಳು, ನೀರು ಒಳಬಾರದ ದರ್ಜೆ) ಎಂದು ಬರೆದಿದ್ದ ಮಾತ್ರಕ್ಕೆ ನಂಬಬೇಡಿ. ಆ ಗುಣ ಉಳಿಯುವುದು ಮುಚ್ಚಳದ ಗ್ಯಾಸ್ಕೆಟ್ ಸರಿ ಕೂತಿದ್ದರೆ, ಗ್ಲ್ಯಾಂಡ್ ಕೇಬಲ್ ದಪ್ಪಕ್ಕೆ ಸರಿಯಿದ್ದರೆ ಮಾತ್ರ. ಕೇಬಲ್ ಮೇಲಿನಿಂದ ಇಳಿದು ನೇರ ಗ್ಲ್ಯಾಂಡ್‌ಗೆ ಹೋದರೆ ಕೂಲಂಟ್ ಅದರ ಮೇಲೇ ಜಾರಿಕೊಂಡು ಬರುತ್ತದೆ. ಗ್ಲ್ಯಾಂಡ್ ಕೆಳಮುಖವಾಗಿರಲಿ. ಆಗದಿದ್ದರೆ ಕೇಬಲ್‌ಗೆ ಕೆಳಕ್ಕೊಂದು ಬಾಗು ಕೊಡಿ, ಹನಿ ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ.

110 ವೋಲ್ಟ್ ಎಸಿ ಇರುವ ಹಳೆಯ ಪ್ಯಾನಲ್‌ಗಳಲ್ಲಿ ಇನ್ನೊಂದು ವಿಚಿತ್ರ ಇದೆ. ಉದ್ದದ ಕೇಬಲ್‌ನಲ್ಲಿ ಪಕ್ಕದ ವೈರ್ ಲೈವ್ ಇದ್ದರೆ, ಎಲ್ಲೂ ಸೇರದ ವೈರ್‌ನಲ್ಲೂ ಡಿಜಿಟಲ್ ಮೀಟರ್ ಹತ್ತಾರು ವೋಲ್ಟ್ ತೋರಿಸುತ್ತದೆ. ಇನ್‌ಪುಟ್ ಲೈಟ್ ಮಂಕಾಗಿ ಹತ್ತುವುದೂ ಉಂಟು. ಎಲೆಕ್ಟ್ರಿಷಿಯನ್ ಟೆಸ್ಟ್ ಲ್ಯಾಂಪ್ ಹಾಕಿ ನೋಡಿದರೆ ಆ ವೋಲ್ಟೇಜ್ ಮಾಯವಾಗುತ್ತದೆ. ಹೀಗಾದರೆ ಸ್ವಿಚ್ ನಿರಪರಾಧಿ. ವೈರಿಂಗ್ ಬೇರೆ ಕೇಬಲ್‌ಗೆ ಒಯ್ಯಬೇಕು ಅಥವಾ ನಡುವೆ ರಿಲೇ ಕೊಡಬೇಕು.

‘ಒಂದೊಂದ್ಸಲ ಮಾತ್ರ ನಿಲ್ಲುತ್ತೆ, ನೀವು ಬಂದಾಗ ಸರಿ ಇರುತ್ತೆ’

ಅತ್ಯಂತ ತಾಳ್ಮೆ ಬೇಡುವ ದೋಷ ಇದು. ಮೊದಲು ಆಪರೇಟರ್ ಹತ್ತಿರ ಕೂತು ಮಾತಾಡಿ. ಯಾವ ಹೊತ್ತಿನಲ್ಲಿ ನಿಲ್ಲುತ್ತದೆ? ಸ್ಲೈಡ್ ಎಲ್ಲಿದ್ದಾಗ? ಬೆಳಗ್ಗೆ ಮೊದಲ ಪೀಸ್‌ನಲ್ಲೋ, ಮಷೀನ್ ಬಿಸಿಯಾದ ಮೇಲೋ? ಪಕ್ಕದ ಪ್ರೆಸ್ ಬಡಿಯುವಾಗಲೋ? ಮೀಟರ್ ತೋರಿಸದ ಸುಳಿವು ಅವರ ಬಾಯಲ್ಲಿ ಸಿಗುತ್ತದೆ.

ಸ್ವಿಚ್ ಚಲಿಸುವ ಭಾಗದ ಮೇಲಿದ್ದು ಕೇಬಲ್ ಡ್ರ್ಯಾಗ್ ಚೈನ್‌ನಲ್ಲಿ (ಕೇಬಲ್ ಹೊತ್ತು ಬಾಗುವ ಸರಪಳಿ) ಓಡುತ್ತಿದ್ದರೆ ನನ್ನ ಮೊದಲ ಅನುಮಾನ ಕೇಬಲ್ ಮೇಲೇ. ಸದಾ ಬಾಗಿ ಬಾಗಿ ತಾಮ್ರದ ಎಳೆ ಒಳಗೇ ತುಂಡಾಗುತ್ತದೆ, ಹೊರಗಿನ ಇನ್ಸುಲೇಷನ್ ಹೊಸದರಂತೆ ಹೊಳೆಯುತ್ತಿರುತ್ತದೆ. ಸ್ಲೈಡ್ ಒಂದು ಜಾಗದಲ್ಲಿದ್ದಾಗ ತುದಿಗಳು ತಾಗುತ್ತವೆ, ಇನ್ನೊಂದು ಜಾಗದಲ್ಲಿ ಬಿಡುತ್ತವೆ. ಮೇನ್ ಆಫ್ ಮಾಡಿ, ಆ ವೈರ್‌ನ ಎರಡೂ ತುದಿ ಬಿಚ್ಚಿ, ಕಂಟಿನ್ಯೂಟಿ ಬಜರ್ ಹಾಕಿಕೊಂಡು ಚೈನ್‌ನ ಬಾಗಿನಲ್ಲಿ ಕೇಬಲ್ ಒಂದೊಂದು ಗೇಣು ಹಿಡಿದು ಬಗ್ಗಿಸುತ್ತಾ ಹೋಗಿ. ಬಜರ್ ಒಂದು ಕ್ಷಣ ನಿಂತರೂ ಅಲ್ಲೇ ತುಂಡಾಗಿದೆ. ನಡುವೆ ಜಾಯಿಂಟ್ ಹಾಕಿ ಟೇಪ್ ಸುತ್ತಬೇಡಿ, ಚೈನ್‌ನಲ್ಲಿ ಅದು ಬಾಳಿಕೆ ಬರುವುದಿಲ್ಲ. ಸಣ್ಣ ಎಳೆಗಳ ಫ್ಲೆಕ್ಸಿಬಲ್ ಕೇಬಲ್ ಪೂರ್ತಿ ಹೊಸದಾಗಿ ಎಳೆಯಿರಿ. ಮನೆ ವೈರಿಂಗ್‌ನ ಗಟ್ಟಿ ವೈರ್ ಅಲ್ಲಿ ಬೇಡವೇ ಬೇಡ.

ಕೇಬಲ್ ಸರಿಯಿದ್ದರೆ ಕಾಂಟ್ಯಾಕ್ಟ್ ಕಡೆ ಬನ್ನಿ. ಸಾಮಾನ್ಯ ಲಿಮಿಟ್ ಸ್ವಿಚ್‌ನ ಬೆಳ್ಳಿ ಕಾಂಟ್ಯಾಕ್ಟ್ ಕೆಲವು ಆಂಪ್ ಹೊರುವಂತೆ ಮಾಡಿದ್ದು. ಅದರಲ್ಲಿ ನಾವು ಹರಿಸುವುದು ಐದಾರು ಮಿಲಿಆಂಪ್. ಜಾಸ್ತಿ ಕರೆಂಟ್ ಹರಿದರೆ ಸಣ್ಣ ಕಿಡಿಯೇ ಬೆಳ್ಳಿಯ ಮೇಲಿನ ಕಪ್ಪು ಪದರ ಸುಡುತ್ತದೆ. ಇಷ್ಟು ಕಡಿಮೆ ಕರೆಂಟ್‌ನಲ್ಲಿ ಆ ಪದರ ಬೆಳೆಯುತ್ತಲೇ ಹೋಗುತ್ತದೆ. ಅಪರೂಪಕ್ಕೆ ಒತ್ತುವ ಸ್ವಿಚ್‌ಗಳಲ್ಲಿ, ಮಂಗಳೂರು ಬೈಕಂಪಾಡಿಯಂಥ ಕಡಲ ಕಡೆಯ ತೇವದಲ್ಲಿ ಇದು ಬೇಗ ಕಾಣಿಸುತ್ತದೆ. ಎಮರಿ ಪೇಪರ್‌ನಿಂದ ಉಜ್ಜುವ ಅಭ್ಯಾಸ ಬಿಡಿ. ಮೇಲಿನ ಲೇಪ ಹೋಗಿ ಇನ್ನೂ ಬೇಗ ಕೆಡುತ್ತದೆ. ಪಿಎಲ್‌ಸಿಗೆ ಹೋಗುವ ಸ್ವಿಚ್‌ಗೆ ಚಿನ್ನದ ಲೇಪದ ಕಾಂಟ್ಯಾಕ್ಟ್ ಇರುವ ಮಾದರಿ ಕೇಳಿ ತರಿಸಿ.

ಇನ್ನು ವೇಗ. ನಿಮಿಷಕ್ಕೆ 30 ಮೀಟರ್ ವೇಗದಲ್ಲಿ ಓಡುವ ಸ್ಲೈಡ್ ಸೆಕೆಂಡಿಗೆ 500 ಮಿಲಿಮೀಟರ್ ಹೋಗುತ್ತದೆ. ಸ್ವಿಚ್ ಒತ್ತಿರುವ ಉದ್ದ 5 ಮಿಲಿಮೀಟರ್ ಆದರೆ ಸಿಗ್ನಲ್ ಇರುವುದು 10 ಮಿಲಿಸೆಕೆಂಡ್ ಅಷ್ಟೇ. ಇನ್‌ಪುಟ್ ಫಿಲ್ಟರ್ ಕೆಲವು ಮಿಲಿಸೆಕೆಂಡ್ ತಿನ್ನುತ್ತದೆ, ಪ್ರೋಗ್ರಾಂ ಸ್ಕ್ಯಾನ್ ಇನ್ನಷ್ಟು. ಒಮ್ಮೆ ಸಿಗುತ್ತದೆ, ಒಮ್ಮೆ ಸಿಗುವುದಿಲ್ಲ. ಇದಕ್ಕೆ ಸ್ವಿಚ್ ಎಷ್ಟು ಸಲ ಬದಲಾಯಿಸಿದರೂ ಪ್ರಯೋಜನವಿಲ್ಲ. ಡಾಗ್ ಉದ್ದ ಮಾಡಿ.

‘ಸಿಗ್ನಲ್ ಬರ್ತಿದೆ, ಆದರೆ ಅಳತೆ ತಪ್ತಿದೆ’

ಡ್ರಿಲ್ ಆಳ ದಿನವಿಡೀ ಸ್ವಲ್ಪ ಸ್ವಲ್ಪ ಬದಲಾಗುತ್ತಿದ್ದರೆ ಲಿವರ್, ಡಾಗ್, ಸ್ವಿಚ್ ಕೂರಿಸಿದ ಬ್ರ್ಯಾಕೆಟ್, ಮೂರನ್ನೂ ಕೈಯಿಂದ ಎಳೆದು ನೋಡಿ. ತೆಳು ತಗಡಿನ ಬ್ರ್ಯಾಕೆಟ್ ಡಾಗ್ ಬಡಿದಾಗೆಲ್ಲ ಬಾಗುತ್ತದೆ. ರೋಲರ್ ಒಂದು ಕಡೆ ಸವೆದು ಚಪ್ಪಟೆಯಾಗಿದ್ದರೂ ಅಳತೆ ಅಲೆದಾಡುತ್ತದೆ.

ಇವೆಲ್ಲ ಗಟ್ಟಿಯಿದ್ದರೆ ಸ್ವಿಚ್ ತನ್ನ ಕೆಲಸ ಸರಿಯಾಗಿ ಮಾಡುತ್ತಿದೆ, ಸ್ಲೈಡ್ ನಿಲ್ಲುವ ಜಾಗ ಬದಲಾಗುತ್ತಿದೆ ಎಂದು ತಿಳಿಯಿರಿ. ಸಿಗ್ನಲ್ ಬಂದ ಮೇಲೆ ಪಿಎಲ್‌ಸಿ ಓದಬೇಕು, ವಾಲ್ವ್ ತಿರುಗಬೇಕು, ಎಣ್ಣೆ ನಿಲ್ಲಬೇಕು. ಸೆಕೆಂಡಿಗೆ 100 ಮಿಲಿಮೀಟರ್ ವೇಗದಲ್ಲಿ 10 ಮಿಲಿಸೆಕೆಂಡ್ ವ್ಯತ್ಯಾಸ ಎಂದರೆ 1 ಮಿಲಿಮೀಟರ್. ಬೆಳಗ್ಗೆ ಹೈಡ್ರಾಲಿಕ್ ಎಣ್ಣೆ ತಣ್ಣಗೆ ದಪ್ಪ, ಮಧ್ಯಾಹ್ನ ಬಿಸಿಯಾಗಿ ತೆಳು. ಹಾಗಾಗಿ ನಿಲ್ಲುವ ದೂರವೂ ಬೇರೆ. ಕೊನೆಯ ಸ್ವಿಚ್‌ಗೆ ಬರುವ ಮೊದಲೇ ವೇಗ ಚೆನ್ನಾಗಿ ಇಳಿಸಿ. ಆಳ ನಿಖರವಾಗಿ ಬೇಕಿದ್ದರೆ ಗಟ್ಟಿ ಸ್ಟಾಪರ್ ಕೊಡಿ. ಸ್ಲೈಡ್ ಸ್ಟಾಪರ್‌ಗೆ ತಾಗಿದೆ ಎಂದು ಹೇಳುವ ಕೆಲಸ ಮಾತ್ರ ಸ್ವಿಚ್‌ಗಿರಲಿ.

ಇನ್ನೊಂದು ಮಾತು. ಒತ್ತುವಾಗ ಸ್ವಿಚ್ ಬದಲಾಗುವ ಜಾಗ ಮತ್ತು ಬಿಡುವಾಗ ಬದಲಾಗುವ ಜಾಗ ಒಂದೇ ಅಲ್ಲ, ನಡುವೆ ಅಂತರ ಇದ್ದೇ ಇರುತ್ತದೆ. ಅದು ದೋಷವಲ್ಲ, ಸ್ವಿಚ್‌ನ ಸ್ವಭಾವ. ಅಳತೆಗೆ ಯಾವಾಗಲೂ ಒಂದೇ ದಿಕ್ಕಿನಿಂದ ಬನ್ನಿ.

ಸಿಎನ್‌ಸಿಯಲ್ಲಿ ತಪ್ಪು ಬೇರೆ ರೀತಿ ಕಾಣುತ್ತದೆ. ಹೋಮ್ ಮಾಡಿದ ಮೇಲೆ ಎಲ್ಲ ಪೀಸ್‌ಗಳೂ ಸರಿಯಾಗಿ 10 ಮಿಲಿಮೀಟರ್ ಪಕ್ಕಕ್ಕೆ ಹೋಗಿವೆ, ಮತ್ತೆ ಹೋಮ್ ಮಾಡಿದರೆ ಸರಿ. ಆ 10ರಲ್ಲೇ ಉತ್ತರ ಇದೆ. ಬಾಲ್ ಸ್ಕ್ರೂ ಪಿಚ್ 10 ಮಿಲಿಮೀಟರ್ ಇದ್ದು ಮೋಟಾರ್ ನೇರ ಜೋಡಣೆಯಾಗಿದ್ದರೆ ಮೋಟಾರ್‌ನ ಒಂದು ಸುತ್ತಿಗೆ ಒಂದು ಮಾರ್ಕರ್ ಪಲ್ಸ್ (ಸುತ್ತು ಗುರುತಿಸುವ ಸಿಗ್ನಲ್), ಅಂದರೆ 10 ಮಿಲಿಮೀಟರ್‌ಗೊಂದು. ಹೋಮ್ ಆಗುವಾಗ ಡಾಗ್ ಸ್ವಿಚ್ ಒತ್ತಿ ವೇಗ ಇಳಿಯುತ್ತದೆ, ಡಾಗ್ ಬಿಟ್ಟ ಮೇಲೆ ಸಿಗುವ ಮೊದಲ ಮಾರ್ಕರ್ ಹಿಡಿದು ಲೆಕ್ಕ ಶುರುವಾಗುತ್ತದೆ. ಸ್ವಿಚ್ ಬಿಡುವ ಜಾಗ ಮಾರ್ಕರ್‌ನ ಪಕ್ಕದಲ್ಲೇ ಇದ್ದರೆ ಕೂದಲೆಳೆ ವ್ಯತ್ಯಾಸಕ್ಕೂ ಇವತ್ತು ಈ ಮಾರ್ಕರ್, ನಾಳೆ ಮುಂದಿನದು. ಡಾಗ್ ಬಿಟ್ಟ ಜಾಗದಿಂದ ಮಾರ್ಕರ್‌ಗೆ ಸುಮಾರು ಅರ್ಧ ಪಿಚ್, ಇಲ್ಲಿ 5 ಮಿಲಿಮೀಟರ್, ಇರುವಂತೆ ಡಾಗ್ ಸರಿಸಿ. ಈ ದೂರವನ್ನು ಡಯಾಗ್ನೋಸಿಸ್ ಪುಟದಲ್ಲೇ ತೋರಿಸುವ ಕಂಟ್ರೋಲ್‌ಗಳಿವೆ. ಡಾಗ್ ಸರಿಸಿದ ಮೇಲೆ ಹೋಮ್ ಒಂದು ಪಿಚ್ ಬದಲಾಗಿರಬಹುದು. ವರ್ಕ್ ಆಫ್‌ಸೆಟ್ (ಪೀಸ್ ಇರುವ ಜಾಗದ ಲೆಕ್ಕ) ಪರಿಶೀಲಿಸದೆ ಟೂಲ್ ಇಳಿಸಬೇಡಿ.

‘ಓವರ್ ಟ್ರಾವೆಲ್ ಅಲಾರಂ ಬಂದಿದೆ’

ಅಲಾರಂ ನಂಬರ್ ಓದಿ. ಫ್ಯಾನುಕ್ ಕಂಪನಿಯ 0ಐ ಸಿಎನ್‌ಸಿ ಕಂಟ್ರೋಲ್‌ಗಳಲ್ಲಿ 500, 501 ಎಂದರೆ ಸಾಫ್ಟ್‌ವೇರ್ ಮಿತಿ, ಸ್ವಿಚ್‌ಗೂ ಅದಕ್ಕೂ ಸಂಬಂಧವಿಲ್ಲ. 506, 507 ಬಂದರೆ ಹಾರ್ಡ್‌ವೇರ್ ಸ್ವಿಚ್. ಆಕ್ಸಿಸ್ ನಿಜವಾಗಿ ಕೊನೆಯಲ್ಲಿದೆಯಾ ಎಂದು ಕಣ್ಣಲ್ಲಿ ನೋಡಿ. ನಡುವೆ ನಿಂತು ಅಲಾರಂ ತೋರಿಸುತ್ತಿದ್ದರೆ ಎನ್‌ಸಿ ವೈರ್ ತುಂಡಾಗಿದೆ ಅಥವಾ ಲಿವರ್ ಸಿಕ್ಕಿಕೊಂಡಿದೆ. ಕೊನೆಯ ಮಿತಿಯ ಸ್ವಿಚ್ ಯಾವಾಗಲೂ ಎನ್‌ಸಿ ಆಗಿರಬೇಕಾದದ್ದು ಇದಕ್ಕೇ. ವೈರ್ ತುಂಡಾದರೆ ಮಷೀನ್ ನಿಲ್ಲಬೇಕು, ಓಡಬಾರದು.

ಇಲ್ಲಿ ಜಂಪರ್ (ಸ್ವಿಚ್ ಬದಿಗಿಟ್ಟು ಎರಡು ತುದಿ ನೇರ ಸೇರಿಸುವ ವೈರ್ ತುಂಡು) ಹಾಕುವ ಆಸೆ ಬರುತ್ತದೆ. ‘ಈ ಲಾಟ್ ಮುಗೀಲಿ, ಆಮೇಲೆ ತೆಗೀತೀನಿ’ ಅಂತಾರೆ. ಆ ಜಂಪರ್ ಮರೆತುಹೋಗುತ್ತದೆ, ಇನ್ನೊಂದು ಶಿಫ್ಟ್‌ನವರಿಗೆ ಗೊತ್ತೇ ಇರುವುದಿಲ್ಲ. ಕೊನೆಯ ಮಿತಿ, ಗಾರ್ಡ್ ಬಾಗಿಲು, ಹಾಯ್ಸ್ಟ್‌ನ ಮೇಲಿನ ಲಿಮಿಟ್, ಇವಕ್ಕೆ ಜಂಪರ್ ಹಾಕಲೇಬೇಡಿ.

‘ಸ್ವಿಚ್ ಪದೇ ಪದೇ ಮುರೀತಿದೆ’

ಮುರಿದ ಸ್ವಿಚ್ ಬಿಸಾಡುವ ಮುಂಚೆ ಬಿಚ್ಚಿ ನೋಡಿ. ಲಿವರ್ ಬಗ್ಗಿದ್ದರೆ, ಶಾಫ್ಟ್ ಮುರಿದಿದ್ದರೆ ಡಾಗ್ ಇಳಿಜಾರು ಕಡಿದಾಗಿದೆ ಅಥವಾ ವೇಗ ಜಾಸ್ತಿ. ಇಳಿಜಾರು 30 ಡಿಗ್ರಿ ಆಸುಪಾಸಿನಲ್ಲಿದ್ದರೆ ರೋಲರ್ ಮೆತ್ತಗೆ ಹತ್ತುತ್ತದೆ, ವೇಗ ಹೆಚ್ಚಿದಷ್ಟೂ ಇಳಿಜಾರಿನ ಕೋನ ಇನ್ನೂ ಕಡಿಮೆಯಾಗಬೇಕು. ಡಾಗ್ ಬಿಡುವ ಕಡೆಯೂ ಇಳಿಜಾರಿರಲಿ, ಇಲ್ಲದಿದ್ದರೆ ಲಿವರ್ ಚಿಮ್ಮಿ ಬಡಿಯುತ್ತದೆ. ಸ್ವಿಚ್ ಬದಲಾದ ಮೇಲೂ ಲಿವರ್ ಸ್ವಲ್ಪ ಮುಂದೆ ಹೋಗಬೇಕು, ಆದರೆ ಕೊನೆ ತಾಗಬಾರದು.

ಕಾಂಟ್ಯಾಕ್ಟ್ ಸುಟ್ಟು ಅಂಟಿಕೊಂಡಿದ್ದರೆ ಆ ಸ್ವಿಚ್ ನೇರವಾಗಿ ಕಾಂಟ್ಯಾಕ್ಟರ್ ಕಾಯಿಲ್ ಅಥವಾ ಸೊಲೆನಾಯ್ಡ್ ಓಡಿಸುತ್ತಿದೆಯಾ ನೋಡಿ. ಡಿಸಿ ಕಾಯಿಲ್‌ಗೆ ಡಯೋಡ್, ಎಸಿ ಕಾಯಿಲ್‌ಗೆ ಆರ್‌ಸಿ ಸರ್ಜ್ ಸಪ್ರೆಸರ್ ಹಾಕಿಸಿ.

ಎಲ್ಲಿ ನಿಲ್ಲಿಸಿ ಬೇರೆಯವರನ್ನು ಕರೆಯಬೇಕು

ಸ್ವಿಚ್ ಮೇಲೆ ವೃತ್ತದೊಳಗೆ ಬಾಣದ ಗುರುತಿದ್ದರೆ ಅದು ಕಾಂಟ್ಯಾಕ್ಟ್ ಅಂಟಿದ್ದರೂ ಬಲವಂತವಾಗಿ ಬಿಡಿಸುವ ಮಾದರಿ, ಸುರಕ್ಷತೆಯ ಜಾಗಗಳಲ್ಲಿ ಹಾಕುವಂಥದ್ದು. ಅದರ ಬದಲು ಸಿಕ್ಕಿದ ಸ್ವಿಚ್ ಹಾಕಬೇಡಿ. ಸೇಫ್ಟಿ ರಿಲೇ ಟ್ರಿಪ್ ಆಗುತ್ತಿದ್ದರೆ, ಪ್ರೆಸ್ ರ‍್ಯಾಮ್ ಮೇಲೆ ನಿಲ್ಲದೆ ಜಾರಿದರೆ, ಕ್ರೇನ್ ಹುಕ್ ಮೇಲಿನ ಲಿಮಿಟ್‌ನಲ್ಲಿ ನಿಲ್ಲದಿದ್ದರೆ ಮಷೀನನ್ನು ಅಲ್ಲೇ ನಿಲ್ಲಿಸಿ, ಬೋರ್ಡ್ ಹಾಕಿ, ತಯಾರಕರ ಸರ್ವಿಸ್‌ನವರನ್ನು ಅಥವಾ ಅನುಭವಿ ಎಂಜಿನಿಯರನ್ನು ಕರೆಸಿ. ಪಿಎಲ್‌ಸಿ ಇನ್‌ಪುಟ್ ಲೈಟ್ ಸರಿಯಾಗಿ ಬದಲಾಗಿಯೂ ಪ್ರೋಗ್ರಾಂ ಮುಂದೆ ಹೋಗದಿದ್ದರೂ ಅಷ್ಟೇ, ಅದು ಪ್ರೋಗ್ರಾಂ ಬಲ್ಲವರ ಕೆಲಸ.

ಹೊಸ ಸ್ವಿಚ್ ಹಾಕಲೇಬೇಕಾದರೆ ಹಳೆಯದನ್ನು ಕಳಚುವ ಮೊದಲು ಲಿವರ್ ಕೋನ, ವೈರ್ ನಂಬರ್, ಡಾಗ್ ಇದ್ದ ಜಾಗ, ಮೂರಕ್ಕೂ ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಿ. ಹಾಕಿದ ಮೇಲೆ ಪೀಸ್ ಇಲ್ಲದೆ, ಜಾಗ್ ಮೋಡ್‌ನಲ್ಲಿ (ಬಟನ್ ಒತ್ತಿದಷ್ಟು ಹೊತ್ತು ಮಾತ್ರ ಓಡುವಂತೆ), ಕಡಿಮೆ ವೇಗದಲ್ಲಿ ಡಾಗ್ ಎರಡೂ ಕಡೆಯಿಂದ ಹಾಯಿಸಿ ಇನ್‌ಪುಟ್ ಲೈಟ್ ನೋಡಿ. ಸರಿಯಿದ್ದರೆ ಮಾತ್ರ ಆಟೋಗೆ ಹಾಕಿ, ತಾರೀಕು ಮತ್ತು ಸಿಕ್ಕಿದ ಕಾರಣವನ್ನು ಮಷೀನಿನ ಲಾಗ್ ಬುಕ್‌ನಲ್ಲಿ ಬರೆಯಿರಿ.